ನಮ್ಮೂರಲ್ಲಿ ಚಾರ್ಜಿಂಗ್ ಸ್ಟೇಷನ್ನೇ ಇಲ್ಲ, ಎಲೆಕ್ಟ್ರಿಕ್ ಕಾರು ತಗೊಳ್ಳಬಹುದಾ?

ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಊರಿನ ಹೆಸರು ಮಾತ್ರ ಬದಲಾಗುತ್ತದೆ. ಒಮ್ಮೆ ತೀರ್ಥಹಳ್ಳಿ, ಒಮ್ಮೆ ಶಿರಸಿ, ಇನ್ನೊಮ್ಮೆ ಹೊಸದುರ್ಗ. "ದಿನಕ್ಕೆ ನಲವತ್ತು ಕಿಲೋಮೀಟರ್ ಓಡಾಟ. ಸ್ವಂತ ಮನೆ, ಅಂಗಳದಲ್ಲೇ ಕಾರು ನಿಲ್ಲುತ್ತೆ. ಆದ್ರೆ ನಮ್ಮೂರಲ್ಲಿ ಚಾರ್ಜಿಂಗ್ ಸ್ಟೇಷನ್ ಇಲ್ಲ. ತಗೋಬಹುದಾ?"

ತಗೊಳ್ಳಿ. ಧಾರಾಳವಾಗಿ ತಗೊಳ್ಳಿ. ಸ್ವಂತ ಮನೆ, ಅಂಗಳದಲ್ಲಿ ಕಾರು ಅಂತ ನೀವೇ ಬರೆದಿದ್ದೀರಲ್ಲ, ಅಲ್ಲಿಗೆ ಪ್ರಶ್ನೆಯ ಮುಕ್ಕಾಲು ಭಾಗ ಮುಗಿಯಿತು.

ಇನ್ನೊಂದು ಬಗೆಯ ಪತ್ರವೂ ಬರುತ್ತದೆ, ಹೆಚ್ಚಾಗಿ ಬೆಂಗಳೂರಿನಿಂದ. "ನಮ್ಮ ಏರಿಯಾದಲ್ಲೇ ನಾಲ್ಕು ಸ್ಟೇಷನ್ ಇದೆ, ಬುಕ್ ಮಾಡ್ತಿದ್ದೀನಿ." ವಿಚಾರಿಸಿದರೆ ಬಾಡಿಗೆ ಮನೆ, ಎರಡನೇ ಮಹಡಿ, ಕಾರು ನಿಲ್ಲುವುದು ರಸ್ತೆ ಬದಿಯಲ್ಲಿ. ಇವರಿಗೆ ನಾನು ಸ್ವಲ್ಪ ತಡೆಯಿರಿ ಅನ್ನುತ್ತೇನೆ. ಇಬ್ಬರಿಗೂ ನನ್ನ ಮಾತು ತಲೆಕೆಳಗಾಗಿ ಕಾಣುತ್ತದೆ. ಸ್ಟೇಷನ್ ಇಲ್ಲದವರಿಗೆ ಹೂಂ, ಇರುವವರಿಗೆ ಉಹೂಂ. ಇದು ಹೀಗೇಕೆ ಅಂತ ಈ ಸಲ ಬಿಡಿಸಿಯೇ ಬರೆಯುತ್ತೇನೆ.

ಎಲ್ಲ ಗೊಂದಲಕ್ಕೂ ಬೇರು ಒಂದೇ. ಕಾರಿಗೆ ಚಾರ್ಜ್ ಹಾಕುವುದೆಂದರೆ ಬಂಕಿಗೆ ಹೋಗಿ ಪೆಟ್ರೋಲ್ ಹಾಕಿಸಿದ ಹಾಗೆ ಅನ್ನುವ ನಂಬಿಕೆ. ಇದು ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ವಿಜ್ಞಾನ ಓದಿದವರೂ ಮೊದಲು ಕೇಳುವುದು "ಫುಲ್ ಆಗೋಕೆ ಎಷ್ಟು ಹೊತ್ತು?" ಅಂತಲೇ. ಎಂಟು ಗಂಟೆ ಅಂದ ತಕ್ಷಣ ಮುಖ ಸಪ್ಪಗಾಗುತ್ತದೆ. ಬಂಕಿನಲ್ಲಿ ಎಂಟು ಗಂಟೆ ಸಾಲಿನಲ್ಲಿ ನಿಂತಂತೆ ಕಲ್ಪಿಸಿಕೊಳ್ಳುತ್ತಾರೆ.

ಪೆಟ್ರೋಲ್ ಮನೆಗೆ ಬರುವುದಿಲ್ಲ, ಅದಕ್ಕೇ ನಾವು ಅದಿರುವಲ್ಲಿಗೆ ಹೋಗುತ್ತೇವೆ. ಟ್ಯಾಂಕ್ ಖಾಲಿಯಾಗುವ ತನಕ ಓಡಿಸುತ್ತೇವೆ, ಒಂದೇ ಸಲ ತುಂಬಿಸುತ್ತೇವೆ. ಕರೆಂಟು ಮನೆಯಲ್ಲೇ ಇದೆ. ಕಾರು ಕೂಡ ದಿನದ ಹೆಚ್ಚಿನ ಹೊತ್ತು ಮನೆ ಮುಂದೆ ಸುಮ್ನೆ ನಿಂತಿರುತ್ತದೆ. ನಿಂತಿರುವಾಗ ಅದು ಕರೆಂಟು ಕುಡಿದರೆ ಕಳೆದುಕೊಳ್ಳುವುದೇನು? ನೀವು ಮಲಗಿದ್ದೀರಿ, ಕಾಯುತ್ತಾ ಕೂತಿಲ್ಲ. ಆದ್ದರಿಂದ "ಫುಲ್ ಆಗೋಕೆ ಎಷ್ಟು ಹೊತ್ತು" ಅನ್ನುವುದೇ ತಪ್ಪು ಪ್ರಶ್ನೆ. "ಇವತ್ತು ಓಡಿಸಿದಷ್ಟನ್ನು ವಾಪಸ್ ತುಂಬಿಸೋಕೆ ಎಷ್ಟು ಹೊತ್ತು" ಅಂತ ಕೇಳಬೇಕು.

ಲೆಕ್ಕ ಮಾಡೋಣ. ಕಾರಿನ ಜೊತೆ ಬರುವ ಚಾರ್ಜರನ್ನು ಮಾಮೂಲಿ 15 ಆಂಪಿಯರ್ ಸಾಕೆಟ್ಟಿಗೆ ಚುಚ್ಚಿದರೆ ಗಂಟೆಗೆ ಹೆಚ್ಚುಕಮ್ಮಿ 3 ಯೂನಿಟ್ ಎಳೆಯುತ್ತದೆ. ಅದರಲ್ಲಿ ಒಂದಿಷ್ಟು ಶಾಖವಾಗಿ ಸೋರಿ ಹೋಗುತ್ತದೆ. ಆ ಸೋರಿಕೆಯೂ ಸೇರಿ, ಟಾಟಾ ನೆಕ್ಸಾನ್ ಗಾತ್ರದ ಕಾರಿಗೆ ಮೀಟರಿನ ಒಂದು ಯೂನಿಟ್ಟಿಗೆ 6 ಕಿಲೋಮೀಟರ್ ಹಿಡಿಯಿರಿ. ಅಂದರೆ ಒಂದು ಗಂಟೆ ಚುಚ್ಚಿದರೆ 17–18 ಕಿಲೋಮೀಟರ್ ಓಡುವಷ್ಟು ತುಂಬುತ್ತದೆ. ನಿಮ್ಮ ದಿನದ ನಲವತ್ತು ಕಿಲೋಮೀಟರ್ ವಾಪಸ್ ತುಂಬಲು ಎರಡೂವರೆ ಗಂಟೆ ಸಾಕು. ರಾತ್ರಿ ಒಂಬತ್ತಕ್ಕೆ ಚುಚ್ಚಿದರೆ ಹನ್ನೊಂದೂವರೆಗೆ ಕೆಲಸ ಮುಗಿಯಿತು. ರಾತ್ರಿಯಿಡೀ ಬಿಟ್ಟರೆ 140 ಕಿಲೋಮೀಟರ್ ಸಿಗುತ್ತದೆ. ದಿನಾ ಅಷ್ಟು ಓಡಿಸುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ?

"ನಮ್ಮಲ್ಲಿ ಕರೆಂಟು ಹೋಗ್ತಾ ಇರುತ್ತೆ" ಅಂತೀರಿ, ಗೊತ್ತು. ಮಲೆನಾಡಿನಲ್ಲಿ ಮಳೆಗಾಲ ಹೇಗಿರುತ್ತದೆ ಅಂತ ನನಗೂ ಗೊತ್ತು. ಆದರೆ ನಿಮಗೆ ಬೇಕಿರುವುದು ಹನ್ನೆರಡು ಗಂಟೆಯಲ್ಲಿ ಎರಡೂವರೆ ಗಂಟೆ. ಮಧ್ಯೆ ನಾಲ್ಕು ಸಲ ಹೋಗಿ ಬಂದರೂ ಚಾರ್ಜರ್ ಮತ್ತೆ ತಾನಾಗಿ ಶುರುವಾಗುತ್ತದೆ. ಒಂದು ರಾತ್ರಿ ಕರೆಂಟೇ ಬರಲಿಲ್ಲ ಅನ್ನಿ, ಬ್ಯಾಟರಿಯಲ್ಲಿ ಇನ್ನೂ ಎರಡು ಮೂರು ದಿನಕ್ಕಾಗುವಷ್ಟು ಇರುತ್ತದೆ.

ಕರ್ನಾಟಕದಲ್ಲಿ ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್ನುಗಳ ಸಂಖ್ಯೆ 2024ರಲ್ಲೇ ಐದು ಸಾವಿರ ದಾಟಿತ್ತು. ಮುಕ್ಕಾಲು ಪಾಲು ಬೆಂಗಳೂರು ನಗರ ಜಿಲ್ಲೆಯಲ್ಲೇ. ಈ ಸುದ್ದಿ ಓದಿದವರು "ಹಾಗಾದ್ರೆ ಇವಿ (ಎಲೆಕ್ಟ್ರಿಕ್ ವಾಹನ) ಬೆಂಗಳೂರಿನವರಿಗೆ ಮಾತ್ರ" ಅಂದುಕೊಳ್ಳುತ್ತಾರೆ. ನನ್ನ ಕಣ್ಣಿಗೆ ಕಾಣುವುದು ಬೇರೆ. ಕೊಟ್ಟಿಗೆ ಪಕ್ಕದಲ್ಲಿ ಶೆಡ್ಡು, ಶೆಡ್ಡಿನ ಗೋಡೆಗೊಂದು ಸಾಕೆಟ್ಟು ಇರುವ ತೀರ್ಥಹಳ್ಳಿಯ ಮನೆ ಎಚ್‌ಎಸ್‌ಆರ್ ಲೇಔಟಿನ ಬಾಡಿಗೆ ಮನೆಗಿಂತ ಇವಿಗೆ ಎಷ್ಟೋ ಪಾಲು ಚೆನ್ನಾಗಿ ಹೊಂದುತ್ತದೆ. ಕಾರು ರಾತ್ರಿ ಎಲ್ಲಿ ಮಲಗುತ್ತದೆ ಅನ್ನುವುದೇ ಖರ್ಚನ್ನೂ ನೆಮ್ಮದಿಯನ್ನೂ ತೀರ್ಮಾನ ಮಾಡುತ್ತದೆ.

ಖರ್ಚಿನಲ್ಲಿ ಇದು ಎದ್ದು ಕಾಣುತ್ತದೆ. 2025–26ರಲ್ಲಿ ಮನೆ ಕರೆಂಟು ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಇತ್ತು. ಮೇಲೆ ವಿದ್ಯುತ್ ನೌಕರರ ಪಿಂಚಣಿಗೆಂದು 36 ಪೈಸೆ ಸರ್‌ಚಾರ್ಜು, ಶೇ. 9 ತೆರಿಗೆ. ಅಲ್ಲಿ ಇಲ್ಲಿ ಸೇರಿಸಿ ಏಳು ರೂಪಾಯಿ ಅಂತಲೇ ಇಟ್ಟುಕೊಳ್ಳಿ. ತಿಂಗಳಿಗೆ ಸಾವಿರ ಕಿಲೋಮೀಟರಿಗೆ 167 ಯೂನಿಟ್, ಅಂದರೆ 1,200 ರೂಪಾಯಿ ಒಳಗೆ. ಅದೇ ಗಾತ್ರದ ಪೆಟ್ರೋಲ್ ಕಾರು ಊರೊಳಗೆ ಲೀಟರಿಗೆ 12–13 ಕೊಟ್ಟರೆ ದೊಡ್ಡದು. ಲೀಟರಿಗೆ 103 ರೂಪಾಯಿ ಲೆಕ್ಕದಲ್ಲಿ 8,000 ದಾಟುತ್ತದೆ. ಕಿಲೋಮೀಟರಿಗೆ ಒಂದು ರೂಪಾಯಿ ಚಿಲ್ಲರೆ ಅನ್ನುವ ಮಾತು ಸುಳ್ಳಲ್ಲ, ಆದರೆ ಮನೆ ಸಾಕೆಟ್ ಇದ್ದವರಿಗೆ ಮಾತ್ರ ನಿಜ.

ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಜಿಎಸ್‌ಟಿ ಸೇರಿ ಯೂನಿಟ್ಟಿಗೆ 18ರಿಂದ 25 ರೂಪಾಯಿ ಬೀಳುತ್ತದೆ. ಇಲ್ಲಿ ಮೀಟರಿನ ಲೆಕ್ಕಕ್ಕೆ ಸೋರಿಕೆ ಕಡಿಮೆ, ಸಾವಿರ ಕಿಲೋಮೀಟರಿಗೆ 154 ಯೂನಿಟ್ ಹಿಡಿಯಿರಿ. ದರ 24 ಅಂದುಕೊಂಡರೆ 3,700. ಪೆಟ್ರೋಲಿಗಿಂತ ಕಡಿಮೆಯೇ, ಆದರೆ ಮೂರು ಪಟ್ಟು ಜಾಸ್ತಿ ಆಯಿತಲ್ಲ. ಪ್ರತಿ ಸಲ ಮುಕ್ಕಾಲು ಗಂಟೆ, ಒಂದು ಗಂಟೆ ಕಾಯಬೇಕು. ಮುಂದೆ ಇನ್ನೊಂದು ಕಾರು ಇದ್ದರೆ ಅದರ ಹೊತ್ತೂ ಸೇರಿತು. ಎಂಬತ್ತು ಪರ್ಸೆಂಟ್ ದಾಟಿದ ಮೇಲೆ ಚಾರ್ಜ್ ಆಗುವ ವೇಗ ಇಳಿದುಬಿಡುತ್ತದೆ, ಆಮೇಲೆ ಅಲ್ಲಿ ನಿಂತು ಪ್ರಯೋಜನವಿಲ್ಲ. ಯಾವುದೋ ಆ್ಯಪ್ ತೆರೆಯುವುದಿಲ್ಲ, ಕಾರಿಗೆ ಚುಚ್ಚುವ ಯಾವುದೋ ಗನ್ ಕೆಟ್ಟಿರುತ್ತದೆ. ಪ್ರವಾಸ ಹೋದಾಗ ಇದನ್ನೆಲ್ಲ ಸಹಿಸಬಹುದು, ವಾರ ವಾರವೂ ಆದರೆ ಬೇಸರ ಬರುತ್ತದೆ.

ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಮೂರು ಲಕ್ಷ ಜಾಸ್ತಿ ಕೊಟ್ಟು ಇವಿ ತಂದಿರಿ ಅನ್ನಿ. ಮನೆಯಲ್ಲಿ ಚಾರ್ಜ್ ಮಾಡಿ ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ ಮೂರೂವರೆ ವರ್ಷ ಕಳೆದು ಸ್ವಲ್ಪ ದಿನಕ್ಕೆ ಆ ದುಡ್ಡು ವಾಪಸ್. ಬರೀ ಫಾಸ್ಟ್ ಚಾರ್ಜರ್ ನಂಬಿದರೆ ಐದೂವರೆ ವರ್ಷ. ಮನೆ ಚಾರ್ಜೇ ಇದ್ದು ತಿಂಗಳಿಗೆ ನಾನೂರೇ ಕಿಲೋಮೀಟರ್ ಓಡಿಸುವವರಿಗೆ ಒಂಬತ್ತು ವರ್ಷ. ಅಂಥವರು ದುಡ್ಡು ಉಳಿಸಲಿಕ್ಕೆ ಅಂತ ಇವಿ ತಗೊಳ್ಳುವುದು ಬೇಡ. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 18ಕ್ಕೆ ಇಳಿಯಿತು, ಇವಿಗೆ ಮೊದಲಿನ 5 ಹಾಗೇ ಉಳಿಯಿತು. ಆದ್ದರಿಂದ ಹಳೇ ಲೇಖನಗಳಲ್ಲಿರುವ ಬೆಲೆ ಅಂತರ ನೋಡಿ ಲೆಕ್ಕ ಹಾಕಬೇಡಿ, ಇವತ್ತಿನ ಆನ್‌ರೋಡ್ ಬೆಲೆ ಎರಡನ್ನೂ ಬರೆಸಿಕೊಂಡು ಬನ್ನಿ.

ಬ್ಯಾಟರಿ ಬಗ್ಗೆ ಎರಡೇ ಮಾತು. ಇಲ್ಲಿ ಮಾರುವ ಹೆಚ್ಚಿನ ಕಾರುಗಳಿಗೆ ಎಂಟು ವರ್ಷ, ಒಂದೂವರೆ ಲಕ್ಷ ಕಿಲೋಮೀಟರ್ ಆಸುಪಾಸು ವಾರಂಟಿ ಇದೆ. ಮೊಬೈಲ್ ಬ್ಯಾಟರಿ ನೋಡಿ ಕಾರಿನ ಬ್ಯಾಟರಿ ಅಳೆಯಬೇಡಿ.

ಯಾರೂ ಹೇಳದ ಒಂದು ಖರ್ಚು ನಮ್ಮ ರಾಜ್ಯಕ್ಕೇ ವಿಶೇಷ. ಗೃಹಜ್ಯೋತಿ. ನಿಮ್ಮ ಮನೆ ತಿಂಗಳಿಗೆ 110 ಯೂನಿಟ್ ಬಳಸುತ್ತದೆ, ಬಿಲ್ಲು ಸೊನ್ನೆ. ಕಾರಿನ 167 ಸೇರಿದರೆ 277. ಇನ್ನೂರು ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು, ಮೇಲಿನ 77ಕ್ಕೆ ಮಾತ್ರ ಅಲ್ಲ. 3 ಕಿಲೋವ್ಯಾಟ್ ಮಂಜೂರಾದ ಮನೆಗೆ, 2025–26ರ ದರದಲ್ಲಿ ಕಿಲೋವ್ಯಾಟಿಗೆ 145 ರೂಪಾಯಿಯಂತೆ ನಿಗದಿತ ಶುಲ್ಕವೂ ಸೇರಿ 2,300ರ ಹತ್ತಿರ ಬರುತ್ತದೆ. ಅಂದರೆ ಕಾರಿಗೆ 1,200 ಅಂದುಕೊಂಡಿದ್ದವರಿಗೆ ಅದರ ಎರಡರಷ್ಟು. ಆಗಲೂ ಪೆಟ್ರೋಲಿಗಿಂತ ತುಂಬಾ ಕಡಿಮೆ, ಆದರೆ ಮೊದಲ ಬಿಲ್ಲು ನೋಡಿ ಗಾಬರಿಯಾಗಬಾರದಲ್ಲ. ದಾರಿ ಇದೆ. ಕಾರಿಗೇ ಬೇರೆ ಮೀಟರ್ ಹಾಕಿಸಬಹುದು. ಇವಿ ಚಾರ್ಜಿಂಗಿಗೆ ಎಲ್‌ಟಿ-6(ಸಿ) ಅಂತ ಬೇರೆ ದರಪಟ್ಟಿ ಇದೆ, ಯೂನಿಟ್ ದರ ಮನೆ ದರಕ್ಕಿಂತ ಕಡಿಮೆ. ಮನೆ ಮೀಟರ್ ತನ್ನ ಪಾಡಿಗೆ 110ರಲ್ಲೇ ಇರುತ್ತದೆ. ಎಸ್ಕಾಂ ಕಚೇರಿಗೆ ಒಂದು ಸಲ ಓಡಾಡುವ ಕಷ್ಟ ಪಡಿ, ಸಾರ್ಥಕವಾಗುತ್ತದೆ.

ಅಪಾರ್ಟ್‌ಮೆಂಟಿನವರಿಗೂ ಒಂದು ಮಾತು. ಇರುವ ಸಂಪರ್ಕದಿಂದಲೇ ಮನೆಯಲ್ಲಿ, ಕಚೇರಿಯಲ್ಲಿ ವಾಹನ ಚಾರ್ಜ್ ಮಾಡಿಕೊಳ್ಳಬಹುದು ಅಂತ ಕೇಂದ್ರ ಇಂಧನ ಸಚಿವಾಲಯದ ಮಾರ್ಗಸೂಚಿಯಲ್ಲೇ ಇದೆ. ಅಸೋಸಿಯೇಷನ್ ಸಭೆಗೆ ಅದರ ಪ್ರತಿ ಹಿಡಿದುಕೊಂಡು ಹೋಗಿ. ಕಾರು ಬುಕ್ ಮಾಡುವ ಮೊದಲು ಹೋಗಿ.

ಇನ್ನು ಬೆಂಗಳೂರು–ಮಂಗಳೂರಿನಂಥ ದೂರದ ಪ್ರಯಾಣಕ್ಕೆ ಆಗುತ್ತಾ ಅನ್ನುವ ಪ್ರಶ್ನೆ. ಮುನ್ನೂರೈವತ್ತು ಕಿಲೋಮೀಟರ್. 45 ಯೂನಿಟ್ ಬ್ಯಾಟರಿಯ ಕಾರಾದರೆ ಹಾಸನದಲ್ಲಿ ಊಟದ ಹೊತ್ತಿಗೆ ಒಂದು ಚಾರ್ಜ್ ಸಾಕು. ವಾಪಸ್ ಬರುವಾಗ ಶಿರಾಡಿ ಏರಬೇಕು. ಗುಂಡ್ಯದಿಂದ ಸಕಲೇಶಪುರಕ್ಕೆ ಏರುವಷ್ಟರಲ್ಲಿ ಎತ್ತರಕ್ಕೇ ನಾಲ್ಕೈದು ಯೂನಿಟ್ ಜಾಸ್ತಿ ಹೋಗುತ್ತದೆ, ಮೂವತ್ತು ಕಿಲೋಮೀಟರ್ ರೇಂಜ್ ಅಂತ ತಿಳಿಯಿರಿ. ಅಷ್ಟು ಇಟ್ಟುಕೊಂಡು ಹೊರಟರೆ ಚಿಂತೆ ಇಲ್ಲ.

ಈಗ ಯಾರೂ ಕೇಳದ ಒಂದು ವಿಷಯ. ನನ್ನ ಪ್ರಕಾರ ಕೇಳಬೇಕಾದದ್ದು ಇದೇ. ನಿಮ್ಮ ಮನೆಯ ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವ್ಯವಸ್ಥೆ, ಹೇಗಿದೆ?

ಹೊಸ ಕಾರು ಬಂದ ಮೊದಲ ರಾತ್ರಿ ಚಾರ್ಜರ್ ಚುಚ್ಚುತ್ತಾರೆ. ಪೆಟ್ಟಿಗೆಯ ಮೇಲೆ ಕೆಂಪು ದೀಪ. ಕಾರು ಕೆಟ್ಟಿದೆ ಅಂತ ಶೋರೂಮಿಗೆ ಫೋನು ಹೋಗುತ್ತದೆ. ಹೆಚ್ಚಿನ ಸಲ ಕಾರು ಸರಿಯಾಗೇ ಇರುತ್ತದೆ, ಮನೆಗೆ ಅರ್ತ್ ಸಿಗುತ್ತಿರುವುದಿಲ್ಲ. ನಮ್ಮ ಹಳೇ ಮನೆಗಳಲ್ಲಿ ಮನೆ ಕಟ್ಟಿಸಿದಾಗ ಹೂತ ಜಿಐ ಪೈಪು, ಸುತ್ತ ಇದ್ದಿಲು, ಉಪ್ಪು. ಆಮೇಲೆ ಯಾರೂ ಅದರ ಕಡೆ ತಿರುಗಿ ನೋಡಿರುವುದಿಲ್ಲ. ತಂತಿ ತುಕ್ಕು ಹಿಡಿದು ತುಂಡಾಗಿರುತ್ತದೆ, ಬೇಸಿಗೆಯಲ್ಲಿ ಮಣ್ಣು ಒಣಗಿರುತ್ತದೆ. ಫ್ರಿಜ್, ಮಿಕ್ಸಿ ಇದನ್ನು ಕೇಳುವುದಿಲ್ಲ, ಹಾಗೇ ಓಡುತ್ತವೆ. ಕಾರಿನ ಚಾರ್ಜರ್ ಕೇಳುತ್ತದೆ, ಇಲ್ಲದಿದ್ದರೆ ಚಾರ್ಜ್ ಮಾಡುವುದೇ ಇಲ್ಲ.

ಎಲೆಕ್ಟ್ರಿಷಿಯನ್ ಬಂದಾಗ ಸಾಕೆಟ್ಟಿನಲ್ಲಿ ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಎಷ್ಟು ವೋಲ್ಟ್ ಇದೆ ಅಂತ ಅಳೆಯಲು ಹೇಳಿ. ಅದೇ ಲೈನಿನಲ್ಲಿ ಇಸ್ತ್ರಿ ಪೆಟ್ಟಿಗೆ ಆನ್ ಮಾಡಿಟ್ಟು ಅಳೆಯಬೇಕು. ಎರಡು ಮೂರು ವೋಲ್ಟ್ ಒಳಗಿದ್ದರೆ ಒಳ್ಳೆಯದು. ಹತ್ತು, ಇಪ್ಪತ್ತು ತೋರಿಸಿದರೆ ಅರ್ತ್ ಹೊಂಡ ಹೊಸದಾಗಿ ಮಾಡಿಸಿ. ಮೀಟರ್ ಬೋರ್ಡಿನಿಂದ ನೇರ 4 ಚದರ ಮಿಲಿಮೀಟರ್ ತಾಮ್ರದ ವೈರ್, ಅದಕ್ಕೇ ಒಂದು ಎಂಸಿಬಿ (ಕರೆಂಟು ಮಿತಿ ಮೀರಿದರೆ ಕಡಿಯುವ ಸ್ವಿಚ್ಚು), 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು) ಹಾಕಿಸಿ. ಸಾಕೆಟ್ಟು ಅಗ್ಗದ್ದು ಬೇಡ. ಗೀಸರ್ ಕೂಡ ಇಷ್ಟೇ ಕರೆಂಟು ಎಳೆಯುತ್ತದೆ, ಆದರೆ ಕಾಲು ಗಂಟೆಗೆ ಆಫ್ ಆಗುತ್ತದೆ. ಕಾರು ಗಂಟೆಗಟ್ಟಲೆ ಒಂದೇ ಸಮನೆ ಎಳೆಯುತ್ತದೆ. ಸಡಿಲ ಸಾಕೆಟ್ಟಿನ ತೂತಿನ ಸುತ್ತ ಮೊದಲು ಕಂದು ಕಲೆ ಬರುತ್ತದೆ, ಆಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಕಲೆ ಕಂಡ ದಿನವೇ ಬದಲಾಯಿಸಿ.

ಕೊನೆಯದಾಗಿ, ಇದನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಕೆಂಪು ದೀಪ ಹೋಗಿಸಲಿಕ್ಕೆ ಕೆಲವರು ಸಾಕೆಟ್ಟಿನೊಳಗೆ ನ್ಯೂಟ್ರಲ್ಲಿಗೂ ಅರ್ತಿಗೂ ಒಂದು ಚೂರು ವೈರ್ ಕಟ್ಟಿ ಹೋಗುತ್ತಾರೆ. ಐದು ನಿಮಿಷದ ಕೆಲಸ, ಕಾರು ಚಾರ್ಜ್ ಆಗತೊಡಗುತ್ತದೆ, ಮನೆಯವರಿಗೂ ಖುಷಿ. ಆದರೆ ಗಾಳಿ ಮಳೆಗೆ ಕಂಬದ ಹತ್ತಿರ ನ್ಯೂಟ್ರಲ್ ತಂತಿ ಕಡಿದುಹೋದರೆ ಕಾರಿನ ಇಡೀ ಮೈಗೆ ಕರೆಂಟು ಬರುತ್ತದೆ. ಬೆಳಿಗ್ಗೆ ಬರಿಗಾಲಲ್ಲಿ ಒದ್ದೆ ಅಂಗಳದಲ್ಲಿ ನಿಂತು ಬಾಗಿಲು ಮುಟ್ಟಿದವರ ಜೀವಕ್ಕೇ ಅಪಾಯ. ನಿಮ್ಮ ಎಲೆಕ್ಟ್ರಿಷಿಯನ್ ಹಾಗೆ ಮಾಡಿದ್ದರೆ ಇವತ್ತೇ ಮೇನ್ ಆಫ್ ಮಾಡಿಸಿ ಆ ವೈರ್ ತೆಗೆಸಿ. ಹೊಸ ಹೊಂಡ ಆಗುವ ತನಕ ಆ ಸಾಕೆಟ್ಟಿನಲ್ಲಿ ಕಾರು ಚಾರ್ಜ್ ಮಾಡಬೇಡಿ.