ಆರ್ಕೆಸ್ಟ್ರಾದಲ್ಲಿ ನನ್ನ ಕ್ಲಾರಿನೆಟ್ ಹಿಂದಿನ ಸಾಲಿಗೆ ಯಾಕೆ ಕೇಳಿಸುವುದಿಲ್ಲ?

ಓದುಗರ ಪ್ರಶ್ನೆ: ಮನೆಯಲ್ಲಿ ನುಡಿಸುವಾಗ ನನ್ನ ಕ್ಲಾರಿನೆಟ್‌ನ ನಾದ ತುಂಬಿಕೊಂಡು, ದುಂಡಗೆ ಕೇಳಿಸುತ್ತದೆ. ಆರ್ಕೆಸ್ಟ್ರಾದಲ್ಲಿ ಸೋಲೊ ಬಂದಾಗ ಮಾತ್ರ ಕಂಡಕ್ಟರ್ ‘ಇನ್ನೂ ಬೇಕು’ ಅನ್ನುತ್ತಾರೆ. ಜೋರಾಗಿ ಊದಿದರೆ ಸ್ವರ ಹರಡಿ ಶ್ರುತಿ ಇಳಿಯುತ್ತದೆ. ಮೌತ್‌ಪೀಸ್ ಬದಲಿಸಲೇ? ಗಟ್ಟಿ ರೀಡ್ ಹಾಕಲೇ? ಅಥವಾ ನನ್ನ ಉಸಿರೇ ಸಾಲದೇ?

ಉತ್ತರ: ಬ್ಯಾಂಡಿನಿಂದ ಆರ್ಕೆಸ್ಟ್ರಾಗೆ ಬಂದ ಕ್ಲಾರಿನೆಟ್ ವಾದಕರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಇದು. ಮೌತ್‌ಪೀಸ್ ಎಂದರೆ ಬಾಯಲ್ಲಿಟ್ಟು ಊದುವ ತುದಿ, ರೀಡ್ ಎಂದರೆ ಅದಕ್ಕೆ ಕಟ್ಟುವ, ಊದಿದಾಗ ಕಂಪಿಸುವ ತೆಳು ಪಟ್ಟಿ. ಹೊಸ ಮೌತ್‌ಪೀಸಿಗೆ ದುಡ್ಡು ಹಾಕುವ ಮುಂಚೆ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಜೋರಾಗಿ ನುಡಿಸುವುದು ಬೇರೆ, ದೂರ ತಲುಪುವುದು ಬೇರೆ. ದೊಡ್ಡ ಸಿಂಫನಿ ಆರ್ಕೆಸ್ಟ್ರಾದಲ್ಲಿ ತಂತಿವಾದ್ಯದವರೇ ಸುಮಾರು 60 ಮಂದಿ ಇರುತ್ತಾರೆ. ನಿಮ್ಮ ಬೆನ್ನ ಹಿಂದೆ ಟ್ರಂಪೆಟ್, ಟ್ರಾಂಬೋನ್‌ಗಳು. ಅವರ ಜೊತೆ ಬಲದ ಪೈಪೋಟಿಗೆ ಇಳಿದರೆ ಗೆಲ್ಲುವವರು ಅವರೇ. ಆದರೂ ಶುಬರ್ಟ್ 1822ರಲ್ಲಿ ಬರೆಯಲು ಕೂತು ಪೂರ್ತಿ ಮಾಡದೆ ಬಿಟ್ಟ ಬಿ ಮೈನರ್ ಸಿಂಫನಿಯ ಎರಡನೇ ಭಾಗದಲ್ಲಿ ಒಂಟಿ ಕ್ಲಾರಿನೆಟ್ ಪಿಯಾನಿಸ್ಸಿಮೊದಲ್ಲಿ, ಅಂದರೆ ಅತಿ ಮೆದುವಾಗಿ, ಹಾಡತೊಡಗುತ್ತದೆ. ಕೆಳಗೆ ತಂತಿವಾದ್ಯಗಳು ಮಿಡಿಯುತ್ತಲೇ ಇರುತ್ತವೆ. ಒಳ್ಳೆಯ ವಾದಕರ ಕೈಯಲ್ಲಿ ಆ ಸ್ವರ ಸಭಾಂಗಣದ ಕೊನೆಯ ಕುರ್ಚಿಗೂ ಸ್ಪಷ್ಟವಾಗಿ ಮುಟ್ಟುತ್ತದೆ. ಅಲ್ಲಿ ಕೆಲಸ ಮಾಡುತ್ತಿರುವುದು ಶಬ್ದದ ಪ್ರಮಾಣವಲ್ಲ, ನಾದದ ಒಳಗಿನ ರಚನೆ.

ನಮ್ಮಲ್ಲಿ ಕ್ಲಾರಿನೆಟ್ ಕಲಿಯುವವರ ದಾರಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಪೊಲೀಸ್ ಬ್ಯಾಂಡ್, ಮಿಲಿಟರಿ ಬ್ಯಾಂಡ್, ಮದುವೆ ದಿಬ್ಬಣದ ಬ್ಯಾಂಡ್ ಎಲ್ಲವೂ ಬಯಲಲ್ಲಿ ನುಡಿಯುವಂಥವು. ಗೋಡೆಯ ನೆರವಿಲ್ಲದ ಕಡೆ ಬಲವಾಗಿ ಊದುವುದು ಅಭ್ಯಾಸವಾಗಿಬಿಡುತ್ತದೆ. ಇನ್ನು ರಾಯಚೂರಿನ ಪಂಡಿತ್ ನರಸಿಂಹಲು ವಡವಾಟಿಯವರು ಹಿಂದೂಸ್ತಾನಿ ಸಂಗೀತವನ್ನು ಇದೇ ವಾದ್ಯದಲ್ಲಿ ನುಡಿಸಿ ಹೆಸರಾದವರು. ಆದರೆ ಕಛೇರಿಯ ವೇದಿಕೆಯಲ್ಲಿ ಮೈಕ್ ಇರುತ್ತದೆ. ಸಿಂಫನಿ ಆರ್ಕೆಸ್ಟ್ರಾದಲ್ಲಿ ಬಯಲೂ ಇಲ್ಲ, ಮೈಕೂ ಇಲ್ಲ. ಅಲ್ಲಿ ಬೇಕಾದ ಕೌಶಲವೇ ಬೇರೆ.

ಯಾವುದೇ ಸ್ವರವೂ ಒಂದೇ ಕಂಪನವಲ್ಲ. ಮೂಲಸ್ವರದ ಮೇಲೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಆವರ್ತನದ ಹಾರ್ಮೋನಿಕ್ಸ್ ಸೇರಿರುತ್ತವೆ. ಕ್ಲಾರಿನೆಟ್‌ನ ಕೊಳವೆ ಹೆಚ್ಚೂಕಡಿಮೆ ಒಂದೇ ಅಗಲದ್ದು, ರೀಡ್ ಇರುವ ತುದಿ ಮುಚ್ಚಿದಂತೆ ವರ್ತಿಸುತ್ತದೆ. ಹಾಗಾಗಿ ಕೆಳಗಿನ ಸ್ಥಾಯಿಯಲ್ಲಿ ಮೂರು, ಐದು, ಏಳನೇ ಪಟ್ಟಿನವು ಬಲವಾಗಿರುತ್ತವೆ, ಎರಡು, ನಾಲ್ಕನೆಯವು ಸೊರಗಿರುತ್ತವೆ. ಬಿ ಫ್ಲಾಟ್ ಕ್ಲಾರಿನೆಟ್‌ನ ಅತಿ ಕೆಳಗಿನ ಸ್ವರ ಸುಮಾರು 147 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಅದನ್ನು ಮೆದುವಾಗಿ, ಸಡಿಲವಾಗಿ ಊದಿದರೆ ಹೊರಬರುವ ಶಕ್ತಿಯೆಲ್ಲ ಹೆಚ್ಚೂಕಡಿಮೆ ಈ 147 ಮತ್ತು ಅದರ ಮೂರು ಪಟ್ಟಾದ 441 ಹರ್ಟ್ಸ್ ಆಸುಪಾಸಿನಲ್ಲೇ ಉಳಿಯುತ್ತದೆ. ವಯೋಲಾ, ಚೆಲ್ಲೊಗಳು ತುಂಬಿರುವುದೂ ಅದೇ ಜಾಗದಲ್ಲಿ. ಇಡೀ ಆರ್ಕೆಸ್ಟ್ರಾದ ಸರಾಸರಿ ಶಕ್ತಿ ಸುಮಾರು 500 ಹರ್ಟ್ಸ್ ಬಳಿ ತುದಿ ಮುಟ್ಟಿ, ಅದಕ್ಕಿಂತ ಎತ್ತರದ ಆವರ್ತನಗಳಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ. ಮನುಷ್ಯನ ಕಿವಿ ಅತಿ ಚುರುಕಾಗಿರುವುದು 2000ರಿಂದ 5000 ಹರ್ಟ್ಸ್ ನಡುವೆ. ಒಪೇರಾ ಗಾಯಕರು ಮೈಕ್ ಇಲ್ಲದೆ ಆರ್ಕೆಸ್ಟ್ರಾದ ಮೇಲೆ ಕೇಳಿಸುವ ಗುಟ್ಟೂ ಇದೇ. ಗಂಟಲಿನ ಹೊಂದಾಣಿಕೆಯಿಂದ ಅವರು 3000 ಹರ್ಟ್ಸ್ ಸುತ್ತ ಶಕ್ತಿಯನ್ನು ಒಟ್ಟುಗೂಡಿಸುತ್ತಾರೆ ಎಂದು ಸ್ವೀಡನ್ನಿನ ಧ್ವನಿವಿಜ್ಞಾನಿ ಯೋಹಾನ್ ಸುಂಡ್‌ಬೆರಿ ವಿವರಿಸಿದ್ದಾರೆ. ಕ್ಲಾರಿನೆಟ್‌ಗೆ ಅಷ್ಟು ಎದ್ದು ಕಾಣುವ ಶಿಖರ ಸಿಗದಿದ್ದರೂ ನಿಮ್ಮ ಸ್ವರದಲ್ಲಿ ಆ ಎತ್ತರದ ಹಾರ್ಮೋನಿಕ್ಸ್ ಇದ್ದಷ್ಟೂ ಅದು ಗುಂಪಿನಿಂದ ಬಿಡಿಸಿಕೊಂಡು ಬರುತ್ತದೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ದಾರ ಕೂರಿಸಿದ ಗಳಿಗೆಯಲ್ಲಿ ನಾದ ಬಿಚ್ಚಿಕೊಳ್ಳುತ್ತದಲ್ಲ, ಮೀಟುವ ಬೆರಳಿನ ಬಲ ಹೆಚ್ಚಾಗಿರುವುದಿಲ್ಲ. ಕ್ಲಾರಿನೆಟ್‌ನಲ್ಲಿ ನಿಮಗೆ ಬೇಕಾದದ್ದೂ ಅಂಥದ್ದೇ.

ಇಲ್ಲೇ ಬಹಳ ಜನ ಎಡವುತ್ತಾರೆ. ನಿಮ್ಮ ಮೇಲಿನ ಹಲ್ಲು ಮೌತ್‌ಪೀಸಿನ ಮೇಲೆ ಕೂತಿರುತ್ತದೆ. ರೀಡಿನ ಕಂಪನ ಹಲ್ಲು, ತಲೆಬುರುಡೆಯ ಮೂಲಕ ನೇರ ನಿಮ್ಮ ಕಿವಿಗೆ ಬರುತ್ತದೆ. ಹಾಗಾಗಿ ಸ್ವರದ ಅಂಚು ನಿಮಗೆ ಇರುವುದಕ್ಕಿಂತ ಒರಟಾಗಿ ಕೇಳಿಸುತ್ತದೆ. ಅದು ಇಷ್ಟವಾಗದೆ ನೀವು ಅಂಚನ್ನು ಸವೆಸುತ್ತಾ ಹೋಗುತ್ತೀರಿ. ತುಟಿ ಸಡಿಲಿಸುತ್ತೀರಿ, ನಾಲಿಗೆ ಇಳಿಸುತ್ತೀರಿ, ಕತ್ತಲೆಯಂಥ ಗಾಢ ನಾದ ಬೇಕೆಂದು ಗಟ್ಟಿ ರೀಡ್ ಹುಡುಕುತ್ತೀರಿ. ಕೋಣೆಯಲ್ಲಿ ಅದು ಮಧುರವೇ. ಆದರೆ ಸಭಾಂಗಣದ ಗಾಳಿ, ಕುರ್ಚಿ, ಜನರ ಬಟ್ಟೆ ಇವೆಲ್ಲ ಎತ್ತರದ ಆವರ್ತನಗಳನ್ನೇ ಮೊದಲು ನುಂಗುತ್ತವೆ. ಮೊದಲೇ ಸವೆದಿದ್ದ ಅಂಚು ಇಪ್ಪತ್ತನೇ ಸಾಲಿಗೆ ಮುಟ್ಟುವಾಗ ಏನೂ ಉಳಿದಿರುವುದಿಲ್ಲ. ನಿಮ್ಮ ಕಿವಿಯ ಬಳಿ ಸ್ವಲ್ಪ ಹೆಚ್ಚೇ ಹೊಳೆಯುವ ಸ್ವರ ಅಲ್ಲಿ ದುಂಡಗೆ ಕೇಳಿಸುತ್ತದೆ. ಇದನ್ನು ಒಪ್ಪಿಕೊಳ್ಳುವುದು ಕಷ್ಟ, ಆದರೆ ನನ್ನ ಮಟ್ಟಿಗೆ ಪ್ರೊಜೆಕ್ಷನ್‌ನ, ಅಂದರೆ ನಾದವನ್ನು ದೂರ ತಲುಪಿಸುವುದರ, ಅರ್ಧ ಕೆಲಸ ಇದೇ.

ಈಗ ಉಸಿರಿಗೆ ಬರೋಣ. ಗಾಳಿಯ ಪ್ರಮಾಣ ಹೆಚ್ಚಿಸುವುದಕ್ಕಿಂತ ಒತ್ತಡವನ್ನು ಬಿಡದೆ ಹಿಡಿಯುವುದು ಮುಖ್ಯ. ಮೆದುವಾಗಿ ನುಡಿಸಬೇಕಾದಾಗ ಹೆಚ್ಚಿನವರು ಹೊಟ್ಟೆಯ ಆಧಾರವನ್ನೇ ಬಿಟ್ಟುಬಿಡುತ್ತಾರೆ. ಆಗ ರೀಡಿನ ಕಂಪನ ಸರಳವಾಗುತ್ತಾ ಹೋಗಿ ಹಾರ್ಮೋನಿಕ್ಸ್ ಕಳಚಿಕೊಳ್ಳುತ್ತವೆ. ಇನ್ನೊಂದು ತುದಿಯಲ್ಲಿ, ಮಿತಿ ಮೀರಿ ಊದಿದರೆ ಅಥವಾ ಕೆಳದವಡೆಯಿಂದ ಕಚ್ಚಿದರೆ ರೀಡ್ ಮೌತ್‌ಪೀಸಿಗೆ ಒತ್ತಿಕೊಂಡು ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ಊದಿದಷ್ಟೂ ಸ್ವರ ಕುಗ್ಗುತ್ತದೆ. ಕ್ಲಾರಿನೆಟ್ ಜೋರಾದಾಗ ಶ್ರುತಿ ಇಳಿಯುವುದು, ಮೆದುವಾದಾಗ ಏರುವುದು ವಾದ್ಯದ ಸ್ವಭಾವ, ಕೊಳಲಿನವರದು ಇದಕ್ಕೆ ತದ್ವಿರುದ್ಧ. ಆದ್ದರಿಂದ ನಿಮ್ಮ ಶ್ರುತಿ ಇಳಿಯುವುದನ್ನು ಕಂಡು ಗಾಬರಿಯಾಗಬೇಡಿ. ಆದರೆ ಪಕ್ಕದ ಓಬೊ, ಕೊಳಲಿನ ಜೊತೆ ಶ್ರುತಿ ಕೂಡದಿದ್ದರೆ ಎರಡೂ ಸ್ವರ ಮಸುಕಾಗುತ್ತವೆ. ಚೈಕೊವ್‌ಸ್ಕಿಯ ಐದನೇ ಸಿಂಫನಿ ಶುರುವಾಗುವುದೇ ಎರಡು ಎ ಕ್ಲಾರಿನೆಟ್‌ಗಳು (ಬಿ ಫ್ಲಾಟ್ ಕ್ಲಾರಿನೆಟ್‌ಗಿಂತ ಅರ್ಧ ಸ್ವರ ಕೆಳಗೆ ನುಡಿಯುವಂಥವು) ಕೆಳಗಿನ ಸ್ಥಾಯಿಯಲ್ಲಿ ಒಂದೇ ರಾಗ ಹಿಡಿಯುವುದರಿಂದ. ಅಲ್ಲಿ ಶ್ರುತಿ ಕೂದಲೆಳೆಯಷ್ಟು ಸರಿದರೂ ಇಬ್ಬರು ಸೇರಿ ಒಬ್ಬರಷ್ಟೂ ಕೇಳಿಸುವುದಿಲ್ಲ.

ಬಾಯಿಯ ಒಳಗೆ ನಾಲಿಗೆ ಎಲ್ಲಿರಬೇಕು? ‘ಈ’ ಅನ್ನುವಾಗ ನಾಲಿಗೆಯ ಹಿಂಭಾಗ ಮೇಲೇಳುವ ಹಾಗೆ, ತುಟಿ ಮಾತ್ರ ಅಗಲಿಸದೆ. ‘ಆ’ ಅನ್ನುವ ಆಕಾರಕ್ಕೆ ಬಿದ್ದರೆ ಸ್ವರ ಚಪ್ಪಟೆಯಾಗುತ್ತದೆ. ಬಾಯಿಯ ಒಳಗಿನ ಆಕಾರದ ಬಲವನ್ನು ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ತೋರಿಸಿದ್ದಾರೆ. ಗರ್ಶ್ವಿನ್‌ನ 1924ರ ‘ರಾಪ್ಸೊಡಿ ಇನ್ ಬ್ಲೂ’ ಶುರುವಿನಲ್ಲಿ ಕ್ಲಾರಿನೆಟ್ ಜಾರುತ್ತಾ ಮೇಲೇರುವುದು ಬೆರಳಿನಿಂದಷ್ಟೇ ಆಗುವ ಕೆಲಸವಲ್ಲ, ಗಂಟಲು ಮತ್ತು ಬಾಯಿಯ ಅನುರಣನವೇ ಸ್ವರವನ್ನು ಎಳೆಯುತ್ತದೆ. ಇದಕ್ಕೊಂದು ಒಳ್ಳೆಯ ಅಭ್ಯಾಸವಿದೆ. ಕೆಳಗಿನ ಸಿ ಹಿಡಿದು ಉದ್ದಕ್ಕೆ ನುಡಿಸಿ. ನಿಮಗೆ ಹೇಳದೆ ಸ್ನೇಹಿತರೊಬ್ಬರು, ಸ್ವರವನ್ನು ಮೇಲಿನ ಸ್ಥಾಯಿಗೆ ಏರಿಸುವ ರಿಜಿಸ್ಟರ್ ಕೀಲಿ ಒತ್ತಲಿ. ಬಾಯಲ್ಲಿ ಏನೂ ಬದಲಾಗದೆ ಸ್ವರ ತಾನಾಗಿ ಮೇಲಿನ ಜಿಗೆ ಹಾರಿ ತುಂಬಿ ನಿಂತರೆ ನಿಮ್ಮ ಗಾಳಿ, ನಾಲಿಗೆ ಎರಡೂ ಸರಿ ಇವೆ. ಅದು ತೊದಲಿದರೆ ಅಥವಾ ಗುರುಗುಟ್ಟಿದರೆ ಅಲ್ಲೇ ಕೆಲಸ ಶುರು. ಆಮೇಲೆ ಒಂದೊಂದೇ ಸ್ವರವನ್ನು ಅತಿ ಮೆದುವಿನಿಂದ ಅತಿ ಜೋರಿಗೆ, ಮತ್ತೆ ಮೆದುವಿಗೆ ತನ್ನಿ. ಹಿಂದಿರುಗುವ ದಾರಿಯಲ್ಲಿ ಸ್ವರದ ತಿರುಳು ಕಳೆದುಹೋಗಬಾರದು. ಪಿಯಾನಿಸ್ಸಿಮೊ ಸೋಲೊಗಳಿಗೆ ಇದಕ್ಕಿಂತ ಉತ್ತಮ ತಯಾರಿ ನನಗೆ ತಿಳಿದಿಲ್ಲ.

ರೀಡ್, ಮೌತ್‌ಪೀಸಿನ ಮಾತು. ಆರ್ಕೆಸ್ಟ್ರಾ ವಾದಕರು ಬಳಸುವ ಬಹುಪಾಲು ಮೌತ್‌ಪೀಸ್‌ಗಳ ತುದಿಗೂ ರೀಡಿಗೂ ನಡುವಿನ ತೆರವು 1.0ರಿಂದ 1.2 ಮಿಲಿಮೀಟರ್ ಒಳಗೇ ಇರುತ್ತದೆ. ಈಗಿರುವುದು ಆ ಅಳತೆಯ ಒಳ್ಳೆಯ ಮೌತ್‌ಪೀಸ್ ಆಗಿದ್ದರೆ ಬಿಡಿ. ರೀಡ್ ತೀರಾ ಗಟ್ಟಿಯಾದರೆ ಗಾಳಿಯ ಒಂದು ಪಾಲು ‘ಸುಯ್’ ಎಂಬ ಸದ್ದಾಗಿಯೇ ಹೋಗುತ್ತದೆ, ತೀರಾ ಮೆತ್ತಗಾದರೆ ಜೋರಾದ ಜಾಗದಲ್ಲಿ ಮುಚ್ಚಿಕೊಳ್ಳುತ್ತದೆ. ರೀಡ್ ಜೊಂಡಿನ ಜಾತಿಯ ಗಿಡದ್ದು, ಗಾಳಿಯ ತೇವಕ್ಕೆ ತಕ್ಕಂತೆ ಬದಲಾಗುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಆರಿಸಿದ ರೀಡ್ ಬೇಸಿಗೆಯ ಬೆಂಗಳೂರಿನ ಎ.ಸಿ. ಸಭಾಂಗಣದಲ್ಲಿ ಬೇರೆಯೇ ರೀಡ್. ವಾದ್ಯದ ಮರ ಯಾವುದು ಎಂಬ ಚರ್ಚೆಗಿಂತ ರಂಧ್ರ ಮುಚ್ಚುವ ಪ್ಯಾಡ್‌ಗಳ ಸೋರಿಕೆ ನೋಡಿಸುವುದು ಮೇಲು. ಎಲ್ಲ ರಂಧ್ರ ಮುಚ್ಚಿ ಕೆಳಗಿನ ಇ ಸ್ವರ ಮೆದುವಾಗಿ ಬಾರದೆ ತಡವರಿಸಿದರೆ ಸೋರಿಕೆಯ ಅನುಮಾನ ಪಡಿ.

ಮಧ್ಯದ ಜಿ, ಎ, ಬಿ ಫ್ಲಾಟ್ ಸ್ವರಗಳು ಎಲ್ಲರಿಗೂ ತಲೆನೋವು. ಕೊಳವೆಯ ತುಂಬ ಚಿಕ್ಕ ಭಾಗ ಮಾತ್ರ ಅಲ್ಲಿ ನುಡಿಯುತ್ತದೆ, ಬಿ ಫ್ಲಾಟ್‌ಗಂತೂ ರಿಜಿಸ್ಟರ್ ಕೀಲಿಯ ಪುಟ್ಟ ರಂಧ್ರವೇ ಸ್ವರದ ರಂಧ್ರವೂ ಆಗಬೇಕು. ಅದು ಮೂಗು ಕಟ್ಟಿದಂತೆ ಕೇಳಿಸುವುದು ನಿಮ್ಮ ತಪ್ಪಲ್ಲ. ಈ ಸ್ವರಗಳ ಜೊತೆಗೆ ಎಡಗೈಯ ಉಂಗುರ ಬೆರಳು, ಬಲಗೈಯ ಮಧ್ಯದ ಮತ್ತು ಉಂಗುರ ಬೆರಳುಗಳನ್ನು ಮುಚ್ಚಿ ನೋಡಿ. ವಾದ್ಯದಿಂದ ವಾದ್ಯಕ್ಕೆ ಹೊಂದುವ ಬೆರಳಿನ ಜೋಡಣೆ ಬೇರೆಯಾಗುತ್ತದೆ, ಟ್ಯೂನರ್ ಎದುರಿಟ್ಟು ನಿಮ್ಮದನ್ನು ಹುಡುಕಿಕೊಳ್ಳಿ. ನಿಧಾನದ ಸೋಲೊದಲ್ಲಿ ಒಂದೇ ಒಂದು ಸ್ವರ ಕುಸಿದರೆ ಇಡೀ ಸಾಲೇ ಕೇಳಿಸದಂತಾಗುತ್ತದೆ, ಆದ್ದರಿಂದ ಈ ಶ್ರಮ ಸಾರ್ಥಕ.

ಬೆಲ್, ಅಂದರೆ ವಾದ್ಯದ ಅಗಲವಾದ ಕೆಳತುದಿ, ಮೇಲೆತ್ತಿದರೆ ಆಗುತ್ತದೆಯೇ ಎಂದೂ ಕೇಳುತ್ತಾರೆ. ಮಾಹ್ಲರ್ ತನ್ನ ಸಿಂಫನಿಗಳಲ್ಲಿ ಅಲ್ಲಲ್ಲಿ ಹಾಗೆ ಮಾಡಲು ಬರೆದೇ ಇಟ್ಟಿದ್ದಾನೆ. ಅಲ್ಲಿ ಬೇಕಾಗಿರುವುದು ಕೆಚ್ಚಿನ, ಒರಟು ನಾದ. ಸಾಮಾನ್ಯವಾಗಿ ಕ್ಲಾರಿನೆಟ್‌ನ ನಾದದ ಹೆಚ್ಚಿನ ಪಾಲು ಹೊರಬರುವುದು ತೆರೆದಿರುವ ಮೊದಲ ಕೆಲವು ರಂಧ್ರಗಳಿಂದ. ಬೆಲ್ ಪೂರ್ತಿ ಕೆಲಸಕ್ಕೆ ಬರುವುದು ಅತಿ ಕೆಳಗಿನ ಸ್ವರಗಳಿಗೆ, ಮತ್ತು ಸುಮಾರು 1500 ಹರ್ಟ್ಸ್‌ಗಿಂತ ಮೇಲಿನ ಹಾರ್ಮೋನಿಕ್ಸ್‌ಗೆ. ಆ ಎತ್ತರದವು ನೇರ ರೇಖೆಯಲ್ಲಿ ಹೋಗುವಂಥವು, ಅಡ್ಡ ಬಂದದ್ದನ್ನು ಬಳಸಿ ಹೋಗಲಾರವು. ಆದ್ದರಿಂದ ಮ್ಯೂಸಿಕ್ ಸ್ಟ್ಯಾಂಡನ್ನು ಗೋಡೆಯಂತೆ ಎದುರಿಗೆ ನಿಲ್ಲಿಸಬೇಡಿ. ತಗ್ಗಿಸಿ, ಹಲಗೆಯನ್ನು ಮಲಗಿಸಿ. ಬೆಲ್ಲನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಳ್ಳುವ ಅಭ್ಯಾಸವಿದ್ದರೆ ಅದನ್ನೂ ಬಿಡಿ.

ಸ್ವರದ ಆರಂಭವೂ ಮುಖ್ಯ. ಇದು ಯಾವ ವಾದ್ಯ ಎಂದು ಕಿವಿ ಗುರುತಿಸುವುದರಲ್ಲಿ ಆ ಮೊದಲ ಗಳಿಗೆಯ ಪಾತ್ರ ದೊಡ್ಡದು. ಗಾಳಿಯ ಒತ್ತಡ ಮೊದಲೇ ರೀಡಿನ ಹಿಂದೆ ಸಿದ್ಧವಾಗಿದ್ದು, ನಾಲಿಗೆ ಸರಿದೊಡನೆ ಸ್ವರ ನುಡಿಯಬೇಕು. ಮೆದುವಾಗಿದ್ದರೂ ಸರಿ, ಮಸುಕಾಗಿರಬಾರದು.

ಇವೆಲ್ಲ ಫಲಿಸುತ್ತಿವೆಯೇ ಎಂದು ನಿಮ್ಮ ಕುರ್ಚಿಯಲ್ಲಿ ಕೂತು ತೀರ್ಮಾನಿಸಲಾಗದು. ಪಕ್ಕದಲ್ಲಿಟ್ಟ ಮೊಬೈಲ್ ರೆಕಾರ್ಡಿಂಗ್ ಕೂಡ ದಾರಿ ತಪ್ಪಿಸುತ್ತದೆ. ತಾಲೀಮಿನ ದಿನ ಸಂಗೀತದ ಕಿವಿಯುಳ್ಳ ಒಬ್ಬರನ್ನು ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂರಿಸಿ, ಎರಡು ರೀಡ್, ಎರಡು ಬಗೆಯ ನಾದ ನುಡಿಸಿ. ಯಾವುದು ಚೆಂದ ಎಂದು ಕೇಳಬೇಡಿ, ಯಾವುದರಲ್ಲಿ ರಾಗದ ಪ್ರತಿ ಸ್ವರವೂ ಬಿಡಿಯಾಗಿ ಕೇಳಿಸಿತು ಎಂದು ಕೇಳಿ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಪುಟಗಳಲ್ಲಿ ನೀವು ಮುಳುಗುತ್ತೀರಿ. ತಾಳವಾದ್ಯ, ಹಿತ್ತಾಳೆ ವಾದ್ಯಗಳೆಲ್ಲ ಒಟ್ಟಿಗೆ ಗುಡುಗುವಾಗ ನಿಮ್ಮ ಸ್ವರ ಒಟ್ಟು ಬಣ್ಣಕ್ಕೆ ಸೇರಿದ್ದೇ ಹೊರತು ಬೇರೆ ನಿಲ್ಲಲು ಬರೆದದ್ದಲ್ಲ. ಎರಡನೇ ಕ್ಲಾರಿನೆಟ್ ನುಡಿಸುವವರು ಅಲ್ಲಿ ಮೊದಲಿನವರ ಕೆಳಗೆ ಕೂತು ಆಧಾರ ಕೊಡಬೇಕು, ಮುಂದೆ ಬರಬಾರದು. ಆದರೆ ಸೋಲೊ ಎಂದು ಬರೆದ ಕಡೆಯೂ ತಂತಿವಾದ್ಯಗಳು ನಿಮ್ಮನ್ನು ಮುಚ್ಚುತ್ತಿದ್ದರೆ ಇನ್ನಷ್ಟು ಊದಲು ಹೋಗಬೇಡಿ. ಬಿಡುವಿನಲ್ಲಿ ಕಂಡಕ್ಟರ್ ಬಳಿ ಹೋಗಿ, ಯಾವ ಬಾರ್‌ನಿಂದ ಯಾವ ಬಾರ್‌ವರೆಗೆ ಎಂದು ನಿಮ್ಮ ಸ್ವರಲಿಪಿ ತೋರಿಸಿ, ತಂತಿಯವರನ್ನು ಒಂದು ಮಟ್ಟ ಇಳಿಸಲು ಕೇಳಿ. ಸಮತೋಲ ನೋಡಿಕೊಳ್ಳುವುದು ಅವರದೇ ಕೆಲಸ, ಸ್ಪಷ್ಟವಾಗಿ ಕೇಳಿದ ವಾದಕರಿಗೆ ಬಹುಪಾಲು ಕಂಡಕ್ಟರ್‌ಗಳು ಇಲ್ಲ ಅನ್ನುವುದಿಲ್ಲ.