ಹಿಂದಕ್ಕೆ ಒಂದು ಹೆಜ್ಜೆ ಅಂದರೆ ಎಲ್ಲಿಗೆ?

ಒಂದು ಪ್ರೋಗ್ರಾಂ ‘ಮೊತ್ತ’ ಅನ್ನೋ ವೇರಿಯಬಲ್‌ನಲ್ಲಿ ಲೆಕ್ಕ ಇಟ್ಟುಕೊಂಡಿದೆ ಅಂದುಕೊಳ್ಳಿ. ಅದು ಸೊನ್ನೆಗಿಂತ ಕೆಳಗೆ ಇಳಿಯುವ ಹಾಗೇ ಇಲ್ಲ. ಆದರೆ ಪ್ರೋಗ್ರಾಂ ಕ್ರ್ಯಾಶ್ ಆದಾಗ ನೋಡಿದರೆ ಅಲ್ಲಿ -7 ಕೂತಿದೆ. ಅದನ್ನು ಕೆಡಿಸಿದ ಸಾಲು ತನ್ನ ಕೆಲಸ ಮುಗಿಸಿ ಎಷ್ಟೋ ಹೊತ್ತಾಗಿದೆ. ಡೀಬಗರ್, ಅಂದರೆ ಪ್ರೋಗ್ರಾಂ ಅನ್ನು ಸಾಲು ಸಾಲಾಗಿ ಓಡಿಸಿ, ನಿಲ್ಲಿಸಿ ತಪ್ಪು ಹುಡುಕುವ ಸಾಧನ, ಮುಂದಕ್ಕೆ ಮಾತ್ರ ಓಡಿಸುವುದಾದರೆ ಮತ್ತೆ ಮೊದಲಿಂದ ಶುರು ಮಾಡಬೇಕು, ಅಂದಾಜಿನ ಮೇಲೆ ಎಲ್ಲೋ ನಿಲ್ಲಿಸಬೇಕು. ಒಂದು ಸಾಲು ಜಾಸ್ತಿ ದಾಟಿದರೂ ಪುನಃ ಮೊದಲಿಂದಲೇ.

ಜಿಡಿಬಿ ಎಂಬ ಡೀಬಗರ್‌ಗೆ ಹಿಂದಕ್ಕೆ ನಡೆಯುವ ಕಮಾಂಡ್‌ಗಳು ಬಂದದ್ದು 2009ರಲ್ಲಿ, 7.0ನೇ ಆವೃತ್ತಿಯಲ್ಲಿ. ಮೊದಲು ‘ರೆಕಾರ್ಡ್’ ಅನ್ನಬೇಕು. ಅಲ್ಲಿಂದ ಮುಂದೆ ಪ್ರತಿ ಇನ್‌ಸ್ಟ್ರಕ್ಷನ್‌ಗೂ (ಪ್ರೊಸೆಸರ್‌ಗೆ ಕೊಡುವ ಒಂದು ಚಿಕ್ಕ ಆದೇಶ) ಮುಂಚೆ ಯಾವ ರಿಜಿಸ್ಟರ್ (ಪ್ರೊಸೆಸರ್‌ನೊಳಗಿನ ಪುಟ್ಟ ಖಾನೆ), ಮೆಮೊರಿಯ ಯಾವ ಜಾಗ ಬದಲಾಗಲಿದೆ ಎಂದು ನೋಡಿ, ಅಲ್ಲಿನ ಹಳೆಯ ಬೆಲೆಯನ್ನು ಬರೆದಿಟ್ಟುಕೊಳ್ಳುತ್ತದೆ. ಹಿಂದಕ್ಕೆ ಹೋಗುವುದೆಂದರೆ ಆ ಬೆಲೆಗಳನ್ನು ಒಂದೊಂದಾಗಿ ವಾಪಸ್ ಇಡುವುದು, ಅಷ್ಟೇ. ಇದರಿಂದ ಪ್ರೋಗ್ರಾಂ ತುಂಬಾ ನಿಧಾನವಾಗುತ್ತದೆ. ನಾವು ಬದಲಾಯಿಸದಿದ್ದರೆ ಮಿತಿ 2,00,000 ಇನ್‌ಸ್ಟ್ರಕ್ಷನ್. ಅದು ತುಂಬಿದಾಗ ಮುಂದೇನು ಎಂದು ಕೇಳುತ್ತದೆ.

ಮೊಜಿಲ್ಲಾದಲ್ಲಿ ಹುಟ್ಟಿದ ‘ಆರ್‌ಆರ್’ ಎಂಬ ಡೀಬಗರ್‌ನ ದಾರಿ ಬೇರೆ. ಅದು ಹೊರಗಿನಿಂದ ಬಂದದ್ದನ್ನು, ಅಂದರೆ ಫೈಲ್ ಓದಿದಾಗ ಸಿಕ್ಕಿದ್ದು, ಗಡಿಯಾರ ಹೇಳಿದ್ದು, ಇಂಥವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಹಿಂದಕ್ಕೆ ಹೋಗು ಅಂದರೆ ಹಿಂದಿನ ಒಂದು ಚೆಕ್‌ಪಾಯಿಂಟ್‌ನಿಂದ (ಪ್ರೋಗ್ರಾಂನ ಆಗಿನ ಸ್ಥಿತಿಯನ್ನು ಉಳಿಸಿಟ್ಟ ಜಾಗ) ಮತ್ತೆ ಮುಂದಕ್ಕೇ ಓಡಿಸಿ, ಬೇಕಾದ ಜಾಗದಲ್ಲಿ ನಿಲ್ಲಿಸುತ್ತದೆ. ಹಿಂದಕ್ಕೆ ಓಡಿದ್ದು ಏನೂ ಇಲ್ಲ. ಆದರೂ ನಮ್ಮ ಕಣ್ಣಿಗೆ ಕಾಣುವುದು ಹಿಂದಿನ ಹೆಜ್ಜೆಯೇ. ನನಗೆ ಇದು ಬಹಳ ಚೆಂದದ ಉಪಾಯ ಅನ್ನಿಸುತ್ತದೆ.

ಇಂಥ ಕಮಾಂಡ್‌ಗಳಿಗೆ ಕೈಪಿಡಿ ಬರೆಯುವುದು ನೋಡಿದಷ್ಟು ಸುಲಭವಲ್ಲ. ‘ರಿವರ್ಸ್-ಸ್ಟೆಪ್: ಒಂದು ಹೆಜ್ಜೆ ಹಿಂದೆ ಹೋಗುತ್ತದೆ’ ಎಂದು ಬರೆದು ಸುಮ್ನೆ ಬಿಟ್ಟರೆ ಓದುವವರಿಗೆ ಏನೂ ಸಿಕ್ಕಿದ ಹಾಗಾಗಲಿಲ್ಲ. ಹೋಗಿ ನಿಲ್ಲುವುದು ಎಲ್ಲಿ? ಅದನ್ನು ಹೇಳಬೇಕು. ಅದು ನಿಲ್ಲುವುದು ಹಿಂದಿನ ಸಾಲಿನ ಆರಂಭದಲ್ಲಿ, ಆ ಸಾಲು ಇನ್ನೂ ನಡೆದೇ ಇಲ್ಲವೇನೋ ಎಂಬಂತೆ. ಆ ಸಾಲು ಒಂದು ಫಂಕ್ಷನ್ನನ್ನು (ಹೆಸರಿಟ್ಟು ಬೇಕಾದಾಗ ಕರೆಯುವ ಕೋಡ್ ತುಂಡು) ಕರೆದಿದ್ದರೆ ಅದರ ಬಾಲದ ಕಡೆಯಿಂದ ಒಳಗೆ ಹೊಕ್ಕು, ಕೊನೆಯ ಸಾಲಿನಲ್ಲಿ ನಿಲ್ಲುತ್ತದೆ. ‘ರಿವರ್ಸ್-ಫಿನಿಶ್’ ಹೆಸರಂತೂ ಇನ್ನೂ ಗೊಂದಲದ್ದು. ಫಿನಿಶ್ ಅಂದರೆ ಮುಗಿಸು, ಅಲ್ವಾ? ಆದರೆ ಅದು ಕರೆದೊಯ್ಯುವುದು ಈ ಫಂಕ್ಷನ್ನನ್ನು ಕರೆದ ಜಾಗಕ್ಕೆ, ಅಂದರೆ ಶುರುವಿಗೆ. ಇಲ್ಲಿ ‘ಮುಂದಿನ’, ‘ಹಿಂದಿನ’, ‘ಕೊನೆ’ ಅನ್ನೋ ಪದಗಳು ಕಾಲದ ಲೆಕ್ಕದ್ದೋ ಓಡುವ ದಿಕ್ಕಿನದ್ದೋ ಎಂದು ಪ್ರತಿ ವಾಕ್ಯದಲ್ಲೂ ಬಿಡಿಸಿ ಹೇಳಲೇಬೇಕು.

ಯಾವುದು ವಾಪಸ್ ಬರುವುದಿಲ್ಲ ಎನ್ನುವುದನ್ನೂ ಬರೆಯಬೇಕು. ಪರದೆಯ ಮೇಲೆ ಮೂಡಿದ ಅಕ್ಷರ ಅಳಿಯುವುದಿಲ್ಲ. ನೆಟ್‌ವರ್ಕ್‌ನಲ್ಲಿ ಹೋದ ಸಂದೇಶವೂ ಅಷ್ಟೇ, ಹೋಗಿಯೇ ಹೋಯಿತು.

ಈಗ ಆ -7ಕ್ಕೆ ಬರೋಣ. ರೆಕಾರ್ಡ್ ಆನ್ ಇಟ್ಟೇ ಪ್ರೋಗ್ರಾಂ ಓಡಿಸಿದ್ದೇವೆ, ಅದು ಬಿದ್ದಿದೆ. ‘ಮೊತ್ತ’ದ ಮೇಲೆ ವಾಚ್‌ಪಾಯಿಂಟ್ (ಬೆಲೆ ಬದಲಾದರೆ ನಿಲ್ಲು ಎಂಬ ಸೂಚನೆ) ಇಡಿ, ‘ರಿವರ್ಸ್-ಕಂಟಿನ್ಯೂ’ (ನಿಲ್ಲುವ ಜಾಗ ಸಿಗುವವರೆಗೆ ಹಿಂದಕ್ಕೆ ಓಡು) ಕೊಡಿ. ಡೀಬಗರ್ ನಿಂತು ಹೇಳುತ್ತದೆ: ಹಳೆಯ ಬೆಲೆ -7, ಹೊಸ ಬೆಲೆ 5. ಮೊದಲ ಸಲ ನೋಡಿದವರು ಇದು ಉಲ್ಟಾ ಆಯಿತಲ್ಲ ಎಂದು ತಬ್ಬಿಬ್ಬಾಗುತ್ತಾರೆ. ನಾವು ಬಂದ ದಿಕ್ಕಿನಲ್ಲಿ ಮೊದಲು ಸಿಕ್ಕಿದ್ದು -7, ಅದಕ್ಕೇ ಅದು ‘ಹಳೆಯದು’. ಕೈಪಿಡಿಯಲ್ಲಿ ಇದಕ್ಕೆ ಒಂದೇ ಒಂದು ವಾಕ್ಯ ಇದ್ದರೂ ಎಷ್ಟೋ ಜನರ ಅರ್ಧ ಗಂಟೆ ಉಳಿಯುತ್ತದೆ.

ಇನ್ನೊಂದು ವಿಷಯ. ಮುಂದಕ್ಕೆ ಓಡಿಸುವಾಗ ವಾಚ್‌ಪಾಯಿಂಟ್ ನಿಲ್ಲುವುದು ಬೆಲೆ ಬದಲಾದ ಮೇಲೆ. ಹಾಗಾಗಿ ತಪ್ಪು ಮಾಡಿದ ಸಾಲನ್ನು ಬಿಟ್ಟು ಅದರ ಮುಂದಿನ ಸಾಲನ್ನು ತೋರಿಸುವುದೇ ಜಾಸ್ತಿ. ಹಿಂದಕ್ಕೆ ಬಂದಾಗ ಹಾಗಲ್ಲ, ನಾವು ನಿಂತಿರುವುದು ಆ ಸಾಲಿನ ಮೇಲೆಯೇ. ‘ಮೊತ್ತ’ದಲ್ಲಿ ಇನ್ನೂ 5 ಇದೆ, ಕಳೆಯಬೇಕಾದ ಸಂಖ್ಯೆ 12. ಈಗ ಮಾಮೂಲಿ ‘ಸ್ಟೆಪ್’ ಕೊಟ್ಟರೆ ಆ 5 ನಮ್ಮ ಕಣ್ಣೆದುರೇ -7 ಆಗುತ್ತದೆ.