ಬಕೆಟ್ ತುಂಬಿಸಿದ್ದೇ ತಪ್ಪಾಯ್ತು

ಮಂಡ್ಯ ಕಡೆಯವ್ರ ಹತ್ರ ಹೈಡ್ರೋಪೋನಿಕ್ಸ್, ಬರೀ ನೀರಲ್ಲಿ ಗಿಡ ಬೆಳೆಸೋದು ಅಂದ್ರೆ ನಗ್ತಾರೆ, ನಾಲೆ ನೀರು ಕಟ್ಟಿ ನಾವು ಭತ್ತ ಬೆಳೀತಿರೋದು ಇನ್ನೇನು ಮತ್ತೆ ಅಂತ. ನಮ್ಮಪ್ಪನೂ ಅದನ್ನೇ ಅಂದ್ರು. ಆದ್ರೆ ಭತ್ತದ ಕಥೆನೇ ಬೇರೆ ಕಣ್ರೀ, ಎಲೆಯಿಂದ ಬೇರಿನ ತನಕ ಅದರೊಳಗೆ ಗಾಳಿ ಓಡಾಡೋಕೆ ಟೊಳ್ಳು ದಾರಿ ಇರುತ್ತೆ, ಕೆಸರಲ್ಲಿರೋ ಬೇರಿಗೆ ಮೇಲಿಂದ ಆಮ್ಲಜನಕ ಇಳಿಯುತ್ತೆ. ನಾನು ಬೆಳೆಸೋಕೆ ಹೊರಟ ಲೆಟ್ಯೂಸ್ ಅನ್ನೋ ಸಲಾಡ್ ಸೊಪ್ಪಿಗೆ ಆ ಅನುಕೂಲ ಇಲ್ಲ.

ಇದು ತಿಳೀದೆ ನಾನು ಮೈಸೂರಿನ ಮನೆ ತಾರಸಿ ಮೇಲೆ ಬಕೆಟ್ ಇಟ್ಟು, ಮುಚ್ಚಳಕ್ಕೆ ತೂತು ಹೊಡೆದು, ತೂತಲ್ಲಿಟ್ಟ ಕಪ್‌ಗೆ ತೆಂಗಿನ ನಾರಿನ ಪುಡಿ ತುಂಬಿ ಸಸಿ ಕೂರಿಸ್ದೆ. ನೀರು ನಾಲ್ಕು ಬೆರಳು ಇಳಿಯೋದೇ ತಡ, ಮತ್ತೆ ಕಂಠಮಟ್ಟ ತುಂಬಿಸ್ತಿದ್ದೆ. ಮೂರನೇ ವಾರ ನೀರಲ್ಲೇ ನಿಂತಿದ್ದ ಗಿಡ ಬಾಡ್ತು! ಮುಚ್ಚಳ ಎತ್ತಿದ್ರೆ ಕೊಚ್ಚೆ ವಾಸನೆ, ಬೇರು ಪೂರ್ತಿ ಕಂದು ಲೋಳೆ, ಹಿಡಿದೆಳೆದ್ರೆ ಸಿಪ್ಪೆ ಕೈಗೆ ಬಂತು, ಒಳಗಿನ ದಾರ ಮಾತ್ರ ಉಳೀತು.

ಬೇರಿಗೂ ಉಸಿರು ಬೇಕು. 25 ಡಿಗ್ರಿಯ ಒಂದು ಲೀಟರ್ ನೀರಲ್ಲಿ ಕರಗೋ ಆಮ್ಲಜನಕ ಹೆಚ್ಚೂಕಮ್ಮಿ 8 ಮಿಲಿಗ್ರಾಂ ಅಷ್ಟೇ, ನೀರು ಬಿಸಿಯಾದ್ರೆ ಅದೂ ಕಮ್ಮಿ, ಏಪ್ರಿಲ್ ಬಿಸಿಲಿನ ತಾರಸಿ ಹೇಗಿರುತ್ತೆ ಅಂತ ಹೇಳ್ಬೇಕಾ. ಅಂಥ ನೀರಲ್ಲಿ ಪಿಥಿಯಂ ಅನ್ನೋ ಬೇರು ಕೊಳೆಸೋ ಜೀವಿಗೆ ಹಬ್ಬ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಪಂಪು ಕರೆಂಟು ಏನೂ ಬೇಡದ ಉಪಾಯ ತೋರಿಸಿಕೊಟ್ರು: ಗಿಡ ನೀರು ಕುಡಿದಂತೆ ಮಟ್ಟ ಇಳೀಲಿ, ಬಿಟ್ಬಿಡಿ. ಖಾಲಿಯಾದ ಜಾಗದ ತೇವದ ಗಾಳೀಲಿ ಮೇಲಿನ ಬೇರು ಉಸಿರಾಡುತ್ತೆ, ತುದಿ ಬೇರು ನೀರು ಕುಡಿಯುತ್ತೆ. ನಾನು ತುಂಬಿಸಿ ತುಂಬಿಸಿ ಆ ಗಾಳಿ ಬೇರನ್ನೇ ಮುಳುಗಿಸ್ತಿದ್ದೆ.

ಗೊಬ್ಬರದಲ್ಲೂ ಒಂದು ಎಡವಟ್ಟು ಮಾಡ್ಕೊಂಡೆ. ಅಂಗಡೀಲಿ ಸಿಗೋ 19:19:19, ಅಂದ್ರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರೋ ಗೊಬ್ಬರ, ನೀರಲ್ಲೇನೋ ಚೆನ್ನಾಗಿ ಕರಗುತ್ತೆ, ಆದ್ರೆ ಅದರ ಸಾರಜನಕದಲ್ಲಿ ದೊಡ್ಡ ಪಾಲು ಯೂರಿಯಾ, ಅದನ್ನ ಗಿಡಕ್ಕೆ ಬೇಕಾದ ನೈಟ್ರೇಟ್ ಮಾಡಿಕೊಡೋ ಬ್ಯಾಕ್ಟೀರಿಯಾ ಮಣ್ಣಲ್ಲಿ ಇರುವಷ್ಟು ಬಕೆಟ್‌ನಲ್ಲಿ ಎಲ್ಲಿಂದ ಬರ್ಬೇಕು, ಕ್ಯಾಲ್ಸಿಯಂ ಅಂತೂ ಇಲ್ಲವೇ ಇಲ್ಲ. ಹೈಡ್ರೋಪೋನಿಕ್ಸ್‌ಗೇ ಅಂತ ಎ, ಬಿ ಎರಡು ಬಾಟಲಿ ಬರುತ್ತಲ್ಲ, ಅದೇ ವಾಸಿ. ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸ್ಬೇಡಿ, ಕ್ಯಾಲ್ಸಿಯಂ ಹೋಗಿ ಸಲ್ಫೇಟ್, ಫಾಸ್ಫೇಟ್ ಜೊತೆ ಸೇರಿ ಸುಣ್ಣದ ಥರ ತಳಕ್ಕೆ ಕೂರುತ್ತೆ. ಬೋರ್‌ವೆಲ್ ನೀರಾದ್ರೆ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ) 5.5ರಿಂದ 6.5ರೊಳಗೆ ತನ್ನಿ, ಇಲ್ದಿದ್ರೆ ಕಬ್ಬಿಣ ಸಿಗದೆ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಕಾಣುತ್ತೆ.

ಈಗಿನ ಬಕೆಟ್‌ಗೆ ಬೆಳಕು ಹೋಗಿ ಪಾಚಿ ಕಟ್ಟದಿರ್ಲಿ ಅಂತ ಹೊರಗೆಲ್ಲ ಕಪ್ಪು ಪೇಂಟ್, ಬಿಸಿಲಿಗೆ ಕಾಯದಿರ್ಲಿ ಅಂತ ಅದರ ಮೇಲೆ ಬಿಳಿ ಪೇಂಟ್. ನೀರು ಅರ್ಧಕ್ಕಿಳಿದಿದೆ, ಬೇರು ಶ್ಯಾವಿಗೆ ಥರ ಬೆಳ್ಳಗಿದೆ. ಅಪ್ಪ ಮುಚ್ಚಳ ಎತ್ತಿ ನೋಡಿ, "ನೀರ್ ಹಾಕ್ದೆ ಸಾಯಿಸ್ತಿದೀಯಲ್ಲೋ" ಅಂತ ಚೊಂಬು ತರೋಕೆ ಹೊರಟ್ರು.